ಬಿಪಿಯ ಲೆಕ್ಕ ನಮ್ಮ ಕೈಯಲ್ಲಿ: ಮನೆಯಲ್ಲಿ ಅಳೆಯುವುದು, ಬರೆದಿಡುವುದು, ಉಪ್ಪು ಮತ್ತು ಮಾತ್ರೆ ನಿಭಾಯಿಸುವುದು

ಬಿಪಿ ಇರುವವರು ಮೂರು ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಕೂರುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ಒಂದು ಸಲ ನೋಡಿ, "150/90, ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ" ಅನ್ನುತ್ತಾರೆ. ಅದೇ ಮಾತ್ರೆ ಮತ್ತೆ ಬರೆಸಿಕೊಂಡು ಮನೆಗೆ ಬರುತ್ತಾರೆ. ಆ ಅಂಕಿ ಮೆಟ್ಟಿಲು ಹತ್ತಿ ಬಂದ ಏದುಸಿರಿನದೋ, ಒಂದು ಗಂಟೆ ಸರದಿಯಲ್ಲಿ ಕಾದ ಬೇಸರದ್ದೋ, ದಿನವೂ ಇರುವ ಬಿಪಿಯದೋ ಎಂದು ಇಬ್ಬರಿಗೂ ತಿಳಿಯದು. ಉಳಿದ 89 ದಿನ ಏನಾಗಿತ್ತು ಎಂಬುದಕ್ಕೆ ಎಲ್ಲೂ ಬರಹವಿಲ್ಲ.

ಆ ಬರಹವನ್ನು ಇಡಬಲ್ಲವರು ರೋಗಿಯೇ. ಬಿಪಿಯ ವಿಷಯದಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಏರಿದ ಬಿಪಿ ನೋಯುವುದಿಲ್ಲ. "ತಲೆ ತಿರುಗ್ತಿಲ್ಲ, ಸುಸ್ತಿಲ್ಲ, ಬಿಪಿ ಸರಿಯಾಗೇ ಇರಬೇಕು" ಎಂಬ ಊಹೆಯೇ ಬಹಳ ಜನರನ್ನು ಪಾರ್ಶ್ವವಾಯುವಿನವರೆಗೆ ಕರೆದೊಯ್ದಿದೆ. 160/100 ಇಟ್ಟುಕೊಂಡು ಗದ್ದೆ ಕೆಲಸ, ಆಫೀಸು ಕೆಲಸ ಎರಡನ್ನೂ ವರ್ಷಗಟ್ಟಲೆ ಆರಾಮಾಗಿ ಮಾಡಬಹುದು. ಅಷ್ಟರಲ್ಲಿ ಕಿಡ್ನಿ, ಕಣ್ಣಿನ ಹಿಂಪರದೆ, ಮಿದುಳು ಇವುಗಳ ಸಣ್ಣ ರಕ್ತನಾಳಗಳು ಒಳಗೊಳಗೇ ಹಾಳಾಗುತ್ತಿರುತ್ತವೆ.

ಈ ಮಾರ್ಗದರ್ಶಿ 30 ದಾಟಿದ ಎಲ್ಲರಿಗೆ, ಅದರಲ್ಲೂ ಈಗಾಗಲೇ ಬಿಪಿ ಇದೆ ಎಂದು ಹೇಳಿಸಿಕೊಂಡವರಿಗೆ. ಗರ್ಭಿಣಿಯರ ಬಿಪಿಯ ದಾರಿಯೇ ಬೇರೆ. ಅವರಿಗೆ 140/90 ಬಂದರೆ ವಾರದ ಲೆಕ್ಕ ಬರೆಯುತ್ತಾ ಕೂರುವ ಸಮಯವಿಲ್ಲ, ಅಂದೇ ಡಾಕ್ಟರನ್ನು ಕಾಣಬೇಕು.

ಯಂತ್ರಕ್ಕಿಂತ ಮೊದಲು ದರ್ಜಿಯ ಟೇಪು

ಬಿಪಿ ಯಂತ್ರ ಕೊಳ್ಳುವಾಗ ಎಲ್ಲರೂ ಬ್ರ್ಯಾಂಡ್ ಕೇಳುತ್ತಾರೆ, ತೋಳಿನ ಅಳತೆ ಯಾರೂ ಕೇಳುವುದಿಲ್ಲ. ಅಂಕಿ ತಪ್ಪಾಗಲು ಇದೊಂದು ದೊಡ್ಡ ಕಾರಣ. ಭುಜದ ಎಲುಬಿನ ತುದಿಯಿಂದ ಮೊಣಕೈ ತುದಿಯವರೆಗಿನ ದೂರದ ನಡುಮಧ್ಯ ಗುರುತಿಸಿ, ಅಲ್ಲಿ ತೋಳಿನ ಸುತ್ತಳತೆ ತೆಗೆಯಿರಿ. 22ರಿಂದ 32 ಸೆಂ.ಮೀ. ಇದ್ದರೆ ಯಂತ್ರದ ಜೊತೆ ಬರುವ ಸಾಮಾನ್ಯ ಪಟ್ಟಿ ಸಾಕು. 32 ದಾಟಿದರೆ ದೊಡ್ಡ ಪಟ್ಟಿ, ಇಲ್ಲವೇ 22–42 ಎಂದು ಬರೆದಿರುವ ಅಗಲ ಶ್ರೇಣಿಯ ಪಟ್ಟಿ ಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿಪಿಯನ್ನೂ ಯಂತ್ರ ತೋರಿಸುತ್ತದೆ. ತೀರಾ ಸಣಕಲು ತೋಳಿಗೆ ದೊಡ್ಡ ಪಟ್ಟಿ ಸುತ್ತಿದರೆ ಇರುವ ಬಿಪಿಯೇ ಮರೆಯಾಗುತ್ತದೆ.

ಕೊಳ್ಳಬೇಕಾದದ್ದು ಮೇಲ್ತೋಳಿಗೆ ಸುತ್ತುವ, ತಾನೇ ಗಾಳಿ ತುಂಬಿಕೊಳ್ಳುವ ಡಿಜಿಟಲ್ ಯಂತ್ರ. ಮಣಿಕಟ್ಟಿನ ಯಂತ್ರದಲ್ಲಿ ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಅಂಕಿ ಜಿಗಿಯುತ್ತದೆ. ಸ್ಮಾರ್ಟ್‌ವಾಚಿನ ಬಿಪಿಯನ್ನು ನಂಬಿ ಮಾತ್ರೆ ತೀರ್ಮಾನಿಸುವುದು ಬೇಡವೇ ಬೇಡ. ಆಯ್ದ ಮಾದರಿ ನಿಖರತೆಯ ಪರೀಕ್ಷೆಯಲ್ಲಿ ಗೆದ್ದಿದೆಯೇ ಎಂದು ತಿಳಿಯಲು ಸ್ಟ್ರೈಡ್ ಬಿಪಿ ಎಂಬ ಅಂತರರಾಷ್ಟ್ರೀಯ ಪಟ್ಟಿ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅಲ್ಲಿ ಕಂಪನಿಯ ಹೆಸರಷ್ಟೇ ನೋಡಿದರೆ ಸಾಲದು, ಮಾದರಿ ಸಂಖ್ಯೆ ಹೊಂದಬೇಕು. ಹಿಂದಿನ ಅಂಕಿ ನೆನಪಿಡುವ ಸೌಲಭ್ಯ ಇದ್ದರೆ ಒಳ್ಳೆಯದು. ಬ್ಲೂಟೂತ್, ಬಣ್ಣದ ಪರದೆ ಇವಕ್ಕೆ ಹೆಚ್ಚು ದುಡ್ಡು ಕೊಡಬೇಕಿಲ್ಲ.

ಕೊಂಡ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಯಂತ್ರವನ್ನು ಡಾಕ್ಟರ ಬಳಿ ಒಯ್ಯಿರಿ. ಒಂದೇ ತೋಳಿಗೆ ಅವರದೊಮ್ಮೆ, ನಿಮ್ಮದೊಮ್ಮೆ, ಮತ್ತೆ ಅವರದೊಮ್ಮೆ ಎಂದು ನಿಮಿಷದ ಬಿಡುವು ಕೊಟ್ಟು ನೋಡಿಸಿ. ಮತ್ತೆ ಮತ್ತೆ ನೋಡಿದರೂ 10ಕ್ಕಿಂತ ಹೆಚ್ಚು ವ್ಯತ್ಯಾಸವೇ ಬರುತ್ತಿದ್ದರೆ ಯಂತ್ರವನ್ನೋ ಪಟ್ಟಿಯನ್ನೋ ಬದಲಿಸಬೇಕು. ಗಾಳಿ ಸೋರುವ ಹಳೇ ಪಟ್ಟಿ, ಹಿಡಿತ ಕಳೆದುಕೊಂಡ ವೆಲ್ಕ್ರೋ, ಸೊರಗಿದ ಬ್ಯಾಟರಿ, ಎಡವಟ್ಟು ಸಾಮಾನ್ಯವಾಗಿ ಇವುಗಳಲ್ಲೇ ಇರುತ್ತದೆ.

ಅಳೆಯುವ ಹತ್ತು ನಿಮಿಷ

ಯಂತ್ರ ನಾಡಿಯ ಸದ್ದು ಕೇಳಿಸಿಕೊಳ್ಳುವುದಿಲ್ಲ. ಪಟ್ಟಿಯ ಗಾಳಿ ಇಳಿಯುವಾಗ ರಕ್ತನಾಳದ ಮಿಡಿತ ಆ ಗಾಳಿಯಲ್ಲಿ ಎಬ್ಬಿಸುವ ಸಣ್ಣ ಕಂಪನವನ್ನು ಹಿಡಿದು, ಅದರಿಂದ ಮೇಲಿನ ಮತ್ತು ಕೆಳಗಿನ ಬಿಪಿಯನ್ನು (150/90ರಲ್ಲಿ 150 ಮೇಲಿನದು, 90 ಕೆಳಗಿನದು) ಲೆಕ್ಕ ಹಾಕುತ್ತದೆ. ಹಾಗಾಗಿ ಕೈ ಅಲುಗಿದರೂ, ಬೆರಳು ಮಡಿಸಿದರೂ, ಮಾತಾಡಿದರೂ ಲೆಕ್ಕ ಕೆಡುತ್ತದೆ.

ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ, ಮೂತ್ರಕ್ಕೆ ಹೋಗಿ ಬಂದು, ಕಾಫಿ, ತಿಂಡಿ, ಮಾತ್ರೆ ಎಲ್ಲಕ್ಕಿಂತ ಮೊದಲು ಅಳೆಯಿರಿ. ಸಂಜೆಯದು ರಾತ್ರಿ ಊಟಕ್ಕೆ ಮುಂಚೆ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಟೀ, ಬೀಡಿ, ಸಿಗರೇಟು, ಹೊಗೆಸೊಪ್ಪು, ವಾಕಿಂಗ್ ಯಾವುದೂ ಬೇಡ. ಮೂತ್ರ ಕಟ್ಟಿಕೊಂಡು ಕೂತರೆ ಅಂಕಿ ಏರುತ್ತದೆ.

ನಮ್ಮ ಮನೆಗಳಲ್ಲಿ ತಪ್ಪಾಗುವುದು ಕೂರುವುದರಲ್ಲಿ. ಮಂಚದ ಅಂಚು, ದಿವಾನ, ಚಾಪೆಯ ಮೇಲೆ ಚಕ್ಕಳಮಕ್ಕಳ, ಇವು ಯಾವುದೂ ಆಗದು. ಒರಗುವ ಬೆನ್ನಿರುವ ಕುರ್ಚಿ ಬೇಕು, ಪ್ಲಾಸ್ಟಿಕ್ ಕುರ್ಚಿಯಾದರೂ ಸರಿ. ಬೆನ್ನು ಪೂರಾ ಒರಗಿರಲಿ, ಎರಡೂ ಪಾದ ನೆಲಕ್ಕೆ ತಾಗಿರಲಿ, ಕಾಲಮೇಲೆ ಕಾಲು ಬೇಡ. ತೋಳನ್ನು ಪಕ್ಕದ ಮೇಜಿನ ಮೇಲಿಟ್ಟಾಗ ಪಟ್ಟಿಯ ನಡುಭಾಗ ಎದೆಮೂಳೆಯ ನಡುವಿನ ಎತ್ತರಕ್ಕೆ ಬರಬೇಕು. ಮೇಜು ತಗ್ಗಾಗಿದ್ದರೆ ಮಡಿಸಿದ ಟವೆಲ್ಲೋ ತಲೆದಿಂಬೋ ಕೆಳಗಿಡಿ. ತೋಳು ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ರಕ್ತದ ಭಾರಕ್ಕೇ ಏಳೆಂಟು ಅಂಕಿ ಸೇರಿಕೊಳ್ಳುತ್ತದೆ. ತೊಡೆಯ ಮೇಲೆ ಕೈಯಿಟ್ಟು ಅಳೆದು "ಬಿಪಿ ಜಾಸ್ತಿಯಾಗಿದೆ" ಎಂದು ಗಾಬರಿಯಾದವರು ಎಷ್ಟೋ ಜನ.

ಪಟ್ಟಿ ಬರಿಯ ತೋಳಿಗೇ ಸುತ್ತಬೇಕು. ತುಂಬು ತೋಳಿನ ಅಂಗಿಯನ್ನು ಮೇಲಕ್ಕೆ ಸುರುಳಿ ಸುತ್ತಿದರೆ ಅದೇ ಬಿಗಿಯಾಗಿ ತೋಳನ್ನು ಅದುಮುತ್ತದೆ, ಆ ತೋಳನ್ನು ಅಂಗಿಯಿಂದ ಹೊರಗೆ ತೆಗೆದುಬಿಡಿ. ಬಿಗಿ ರವಿಕೆ ತೊಡುವವರು ಅಳತೆಯ ಹೊತ್ತಿಗೆ ಸಡಿಲ ನೈಟಿಯಲ್ಲಿದ್ದರೆ ಸುಲಭ. ಪಟ್ಟಿಯ ಕೆಳ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳಗಲ ಮೇಲಿರಲಿ, ಕೊಳವೆ ತೋಳಿನ ಒಳಬದಿಯಲ್ಲಿ ನಡುಬೆರಳಿನ ನೇರಕ್ಕೆ ಇಳಿಯಲಿ. ಅಂಚಿನಡಿ ಒಂದು ಬೆರಳು ತೂರುವಷ್ಟು ಬಿಗಿ ಸಾಕು.

ಈಗ ಐದು ನಿಮಿಷ ಸುಮ್ಮನೆ ಕೂರಿ. ಫೋನು, ಟಿವಿ, ಒಳಗಿನಿಂದ ಕೂಗುವವರಿಗೆ ಉತ್ತರ ಎಲ್ಲ ಆಮೇಲೆ. ಹೆಚ್ಚಿನವರು ಬಿಟ್ಟುಬಿಡುವುದು ಈ ಐದು ನಿಮಿಷವನ್ನೇ, ಅಂಕಿ ಕೆಡುವುದೂ ಬಹುಮಟ್ಟಿಗೆ ಇದರಿಂದಲೇ. ಗುಂಡಿ ಒತ್ತಿ, ಬಂದ ಅಂಕಿ ಬರೆಯಿರಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು ಅದನ್ನೂ ಬರೆಯಿರಿ. ಎರಡರಲ್ಲಿ ಚೆನ್ನಾಗಿರುವುದನ್ನು ಆರಿಸಿಕೊಳ್ಳುವ ಹಾಗಿಲ್ಲ.

ಮೊಟ್ಟಮೊದಲ ದಿನ ಎರಡೂ ತೋಳಿನಲ್ಲಿ ನೋಡಿ. ಯಾವುದರಲ್ಲಿ ಹೆಚ್ಚು ಬರುತ್ತದೋ ಮುಂದೆಲ್ಲ ಆ ತೋಳಿನಲ್ಲೇ. ಎರಡು ತೋಳುಗಳ ನಡುವೆ ಪ್ರತಿಸಲವೂ 15ಕ್ಕಿಂತ ಹೆಚ್ಚು ಅಂತರವಿದ್ದರೆ ಒಂದು ತೋಳಿನ ರಕ್ತನಾಳ ಕಿರಿದಾಗಿರಬಹುದು, ಡಾಕ್ಟರಿಗೆ ಹೇಳಬೇಕು. ಯಂತ್ರ ಪದೇಪದೇ ನಾಡಿ ಏರುಪೇರು ಎಂಬ ಗುರುತು ತೋರಿಸಿದರೆ ಒಂದು ಇಸಿಜಿ ಮಾಡಿಸಿ. ಹೃದಯದ ಲಯ ತಪ್ಪಿರುವವರಲ್ಲಿ ಈ ಯಂತ್ರದ ಅಂಕಿಗಳು ಅಷ್ಟು ನಂಬಿಕೆಗೆ ಅರ್ಹವಲ್ಲ. ಲಯ ತಪ್ಪುವುದು ಪಾರ್ಶ್ವವಾಯುವಿಗೆ ತಾನೇ ಒಂದು ಕಾರಣವೂ ಹೌದು.

ಏಳು ದಿನದ ಪುಟ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಏಳು ದಿನ, ಬೆಳಿಗ್ಗೆ ಎರಡು, ಸಂಜೆ ಎರಡು. ಒಂದು ದಿನದ ಸಾಲು ಹೀಗಿರುತ್ತದೆ:

12ನೇ ತಾರೀಖು, ಬೆಳಿಗ್ಗೆ 6.40: 146/92, 141/90, ನಾಡಿ 78
ಸಂಜೆ 7.30: 138/86, 136/85, ನಾಡಿ 74
ಟಿಪ್ಪಣಿ: ಮಧ್ಯಾಹ್ನ ಮದುವೆ ಊಟ. ಹಿಂದಿನ ರಾತ್ರಿ ಐದೇ ಗಂಟೆ ನಿದ್ದೆ.

ಮೇಲಿನ ಬಿಪಿಯ ನಾಲ್ಕು ಅಂಕಿ ಕೂಡಿಸಿದರೆ 561, ನಾಲ್ಕರಿಂದ ಭಾಗಿಸಿದರೆ 140. ಕೆಳಗಿನವು ಕೂಡಿದರೆ 353, ಭಾಗಿಸಿದರೆ 88. ಆ ದಿನದ ಬಿಪಿ 140/88. ಮೊದಲ ದಿನದ ಅಂಕಿಗಳನ್ನು ಲೆಕ್ಕದಿಂದ ಬಿಡಿ. ಹೊಸ ಯಂತ್ರದ ಕುತೂಹಲಕ್ಕೇ ಅವು ಏರಿರುತ್ತವೆ. ಉಳಿದ ಆರು ದಿನಗಳ ಸರಾಸರಿ ನಿಮ್ಮ ನಿಜವಾದ ಮನೆ ಬಿಪಿ. ಏಳು ದಿನ ಆಗದಿದ್ದರೆ ಮೂರು ದಿನವಾದರೂ ಆಗಲಿ.

ಈ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬಿಪಿ ಏರಿದೆ ಎಂದರ್ಥ. ಆಸ್ಪತ್ರೆಯಲ್ಲಿ ಈ ಗೆರೆ 140/90, ಮನೆಯ ನೆಮ್ಮದಿಯಲ್ಲಿ ಬಿಪಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ಇರುವುದರಿಂದ ಮನೆಯ ಗೆರೆ ಐದು ಅಂಕಿ ಕೆಳಗಿದೆ. ಮೇಲಿನದು ಮಾತ್ರ ಏರಿದ್ದರೂ, ಕೆಳಗಿನದು ಮಾತ್ರ ಏರಿದ್ದರೂ ಅದು ಬಿಪಿಯೇ. ಶುಗರ್ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರು 130/80ಕ್ಕಿಂತ ಕೆಳಗಿನ ಗುರಿ ಇಡುವುದು ಸಾಮಾನ್ಯ. 80 ದಾಟಿದವರಿಗೆ ಅಷ್ಟು ಬಿಗಿ ಮಾಡದಿರಬಹುದು. ನಿಮ್ಮ ಗುರಿ ಎಷ್ಟು ಎಂದು ಕೇಳಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ.

ಕೆಲವರಿಗೆ ಕ್ಲಿನಿಕ್ಕಿನಲ್ಲಿ 155, ಮನೆಯಲ್ಲಿ 125 ಬರುತ್ತದೆ. ಬಿಳಿ ಕೋಟಿನ ಭಯಕ್ಕೆ ಏರುವ ಬಿಪಿ ಇದು. ಈ ಪುಟ ತೋರಿಸದಿದ್ದರೆ ಅವರಿಗೆ ಬೇಡದ ಮಾತ್ರೆ ಸೇರುತ್ತದೆ. ಇನ್ನು ಕೆಲವರಿಗೆ ಕ್ಲಿನಿಕ್ಕಿನಲ್ಲಿ ಸರಿಯಿದ್ದು ಮನೆಯಲ್ಲಿ ಏರಿರುತ್ತದೆ. ಇದು ಹೆಚ್ಚು ಅಪಾಯಕಾರಿ, ಮನೆಯಲ್ಲಿ ಅಳೆಯದೆ ಸಿಕ್ಕಿಬೀಳುವುದು ಕಷ್ಟ.

ಬಿಪಿ ಹತೋಟಿಗೆ ಬಂದ ಮೇಲೆ ವಾರಕ್ಕೆ ಒಂದೆರಡು ದಿನ ಅಳೆದರೆ ಸಾಕು. ಡಾಕ್ಟರ ಭೇಟಿಗೆ ಮುಂಚಿನ ವಾರ, ಮಾತ್ರೆ ಬದಲಾಗಿ ಎರಡು ಮೂರು ವಾರವಾದ ಮೇಲೆ ಪೂರ್ತಿ ಏಳು ದಿನದ ಪುಟ ಬರೆಯಿರಿ. ದಿನಕ್ಕೆ ಹತ್ತು ಸಲ ಅಳೆಯುವುದು ಆತಂಕ ಹೆಚ್ಚಿಸುತ್ತದೆ, ಆತಂಕ ಅಂಕಿಯನ್ನು ಹೆಚ್ಚಿಸುತ್ತದೆ.

ಯಂತ್ರ ಕೊಳ್ಳಲಾಗದವರು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲಿ ಉಚಿತವಾಗಿ ನೋಡಿಸಬಹುದು. 30 ದಾಟಿದವರ ಬಿಪಿ, ಶುಗರ್ ತಪಾಸಣೆ ಅಲ್ಲಿಯ ನಿತ್ಯದ ಕೆಲಸ. ಬೇರೆ ಬೇರೆ ದಿನ, ಒಂದೇ ಹೊತ್ತಿಗೆ, ಹೋದ ಕೂಡಲೇ ತೋಳು ಚಾಚದೆ ಐದು ನಿಮಿಷ ಕೂತು ನೋಡಿಸಿ. ಬರೆಯುವ ನಿಯಮ ಅದೇ.

ಉಪ್ಪಿನ ಪ್ಯಾಕೆಟ್ಟಿನ ಮೇಲೆ ತಾರೀಖು

"ಊಟದಲ್ಲಿ ಉಪ್ಪು ಕಡಿಮೆನೇ" ಎಂದು ಎಲ್ಲರೂ ಹೇಳುತ್ತಾರೆ. ಅದು ನಿಜವೇ ಎಂದು ತಿಳಿಯಲು ಒಂದು ಸರಳ ಲೆಕ್ಕ ಇದೆ. ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ, ಮುಗಿದ ದಿನ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಸಮ ಮಾಡಿದ ಒಂದು ಟೀ ಚಮಚದೊಳಗೆ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ, ಒಂದು ಕಿಲೋ 50 ದಿನ ಬರಬೇಕು. 28 ದಿನಕ್ಕೇ ಖಾಲಿಯಾದರೆ ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 9 ಗ್ರಾಂ ಆಯಿತು. ಇದರ ಮೇಲೆ ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ, ಹೋಟೆಲಿನ ಸಾಂಬಾರು ಬೇರೆ. ನೆಂಟರು ಬಂದದ್ದು, ಮನೆಯಲ್ಲೇ ಉಪ್ಪಿನಕಾಯಿ ಹಾಕಿದ್ದು ಇದ್ದರೆ ಲೆಕ್ಕದಲ್ಲಿ ಅಷ್ಟನ್ನು ಬಿಡಿ.

ಉಪ್ಪಿನ ಸೋಡಿಯಂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತನಾಳಗಳಲ್ಲಿ ಹರಿಯುವ ರಕ್ತದ ಪ್ರಮಾಣ ಏರಿ, ಗೋಡೆಯ ಮೇಲೆ ಒತ್ತಡ ಏರುತ್ತದೆ. ಉಪ್ಪು ಇಳಿಸಿದ ಫಲ ಕೆಲವೇ ವಾರಗಳಲ್ಲಿ ನಿಮ್ಮ ನೋಟ್‌ಬುಕ್ಕಿನಲ್ಲೇ ಕಾಣಬಹುದು.

ಒಮ್ಮೆಗೇ ಸಪ್ಪೆ ಅಡುಗೆ ಮಾಡಿದರೆ ನಾಲ್ಕನೇ ದಿನಕ್ಕೆ ಮನೆಮಂದಿ ಕೈಚೆಲ್ಲುತ್ತಾರೆ. ಈಗ ಹಾಕುವ ಅಳತೆಯಲ್ಲಿ ಕಾಲು ಭಾಗ ತೆಗೆದು ಎರಡು ವಾರ ನಡೆಸಿ, ನಾಲಿಗೆ ಹೊಂದಿಕೊಂಡ ಮೇಲೆ ಇನ್ನೊಂದು ಕಾಲು ಭಾಗ ತೆಗೆಯಿರಿ. ಕೈಯಂದಾಜು ಬಿಟ್ಟು ಚಮಚದಲ್ಲೇ ಅಳೆದು ಹಾಕುವುದು ಇಲ್ಲಿ ಕಡ್ಡಾಯ. ಉಪ್ಪು ಇಳಿದ ಕಡೆ ಹುಳಿ ಕೈಹಿಡಿಯುತ್ತದೆ: ನಿಂಬೆರಸ, ಹುಣಸೆ, ಕರಾವಳಿಯ ಪುನರ್ಪುಳಿ, ಜೊತೆಗೆ ಬೆಳ್ಳುಳ್ಳಿ ಒಗ್ಗರಣೆ, ಕಾಳುಮೆಣಸು, ಕೊತ್ತಂಬರಿ. ನಮ್ಮ ಊಟದಲ್ಲೇ ಒಂದು ಅನುಕೂಲವಿದೆ. ಮುದ್ದೆ, ಜೋಳದ ರೊಟ್ಟಿ, ಅನ್ನ ಮೂರೂ ಉಪ್ಪಿಲ್ಲದೆ ಆಗುತ್ತವೆ, ಹಾಗಾಗಿ ಕಡಿತವೆಲ್ಲ ಸಾರು, ಪಲ್ಯ, ಚಟ್ನಿಗಳಲ್ಲೇ ಆಗಬೇಕು. ಚಪಾತಿ ಹಿಟ್ಟಿಗೂ ಮಜ್ಜಿಗೆಗೂ ಉಪ್ಪು ನಿಲ್ಲಿಸಿದರೆ ಎರಡೇ ವಾರದಲ್ಲಿ ಮರೆತುಹೋಗುತ್ತದೆ. ಬಾಳೆಎಲೆಯ ತುದಿಗೆ ಉಪ್ಪು ಬಡಿಸುವ ಪದ್ಧತಿ ಸಮಾರಂಭಕ್ಕಿರಲಿ, ಮನೆಯ ಊಟದ ಮೇಜಿನಿಂದ ಉಪ್ಪಿನ ಡಬ್ಬಿ ಒಳಗೆ ಹೋಗಲಿ.

ನಿಜವಾದ ಭಾರ ಅಡಗಿರುವುದು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ, ಒಣಮೀನು, ಚಟ್ನಿಪುಡಿ ಇವುಗಳಲ್ಲಿ. ದಿನವೂ ತಟ್ಟೆಗೆ ಬರುತ್ತಿದ್ದುದನ್ನು ವಾರಕ್ಕೊಂದು ದಿನಕ್ಕೆ ಇಳಿಸಿ. ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯನ್ನು ಕರಾವಳಿ, ಮಲೆನಾಡಿನಲ್ಲಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಹಿಂಡಿ ಬಳಸುತ್ತಾರಲ್ಲ, ಆ ನೀರನ್ನು ಒಂದೆರಡು ಸಲ ಹೆಚ್ಚಿಗೆ ಬದಲಿಸಿ. ಪೊಟ್ಟಣದ ತಿಂಡಿಯ ಹಿಂಬದಿಯಲ್ಲಿ ಸೋಡಿಯಂ ಎಷ್ಟು ಮಿಲಿಗ್ರಾಂ ಎಂದಿರುತ್ತದೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 100 ಗ್ರಾಂ ಮಿಕ್ಸ್ಚರಿನಲ್ಲಿ ಸೋಡಿಯಂ 800 ಮಿಲಿಗ್ರಾಂ ಇದ್ದರೆ ಉಪ್ಪು 2 ಗ್ರಾಂ. ಗ್ಯಾಸಿಗೆಂದು ಕುಡಿಯುವ, ನೊರೆಯುಕ್ಕುವ ಸೋಡಾ ಪುಡಿಗಳಲ್ಲೂ ಸೋಡಿಯಂ ತುಂಬಿರುತ್ತದೆ.

ಸೈಂಧವ ಲವಣ, ಗುಲಾಬಿ ಉಪ್ಪು ಬಿಪಿಗೆ ಒಳ್ಳೆಯದೆಂಬ ಮಾತನ್ನು ಬಿಟ್ಟುಬಿಡಿ. ಅವೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ, ಮೇಲಾಗಿ ಹೆಚ್ಚಿನವಕ್ಕೆ ಅಯೋಡಿನ್ ಸೇರಿಸಿರುವುದಿಲ್ಲ. ಒಂದಷ್ಟು ಸೋಡಿಯಂ ತೆಗೆದು ಪೊಟ್ಯಾಸಿಯಂ ಸೇರಿಸಿದ ಕಡಿಮೆ ಸೋಡಿಯಂ ಉಪ್ಪಿಗೆ ಮಾತ್ರ ಗಟ್ಟಿ ಆಧಾರವಿದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯು ಶೇ. 14ರಷ್ಟು ಕಡಿಮೆಯಾಯಿತು. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್, ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಜಾತಿಯ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ನಿಲ್ಲಬಹುದು. ದಿನವೂ ಎಳನೀರು ಕುಡಿಯುವ ಕಿಡ್ನಿ ರೋಗಿಗಳಿಗೂ ಇದೇ ಎಚ್ಚರಿಕೆ.

ನಡಿಗೆ ವಾರಕ್ಕೆ 150 ನಿಮಿಷ, ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟದಿರಲಿ. ತೂಕ ಒಂದು ಕಿಲೋ ಇಳಿದರೆ ಮೇಲಿನ ಬಿಪಿ ಸರಿಸುಮಾರು ಒಂದು ಅಂಕಿ ಇಳಿಯುತ್ತದೆ. ಮದ್ಯ ಬಿಪಿ ಏರಿಸುತ್ತದೆ. ಬೀಡಿ, ಗುಟ್ಕಾ, ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪು ಎಲ್ಲದರ ನಿಕೋಟಿನ್ ರಕ್ತನಾಳವನ್ನು ಬಿಗಿಯುತ್ತದೆ. ಬಿಪಿ ಹತೋಟಿಗೆ ಬರುವ ತನಕ ಉಸಿರು ಹಿಡಿದಿಡುವ ಕುಂಭಕ, ಶೀರ್ಷಾಸನ ಬೇಡ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರುಕಟ್ಟಿ ಎದ್ದು, ಹಗಲೆಲ್ಲ ತೂಕಡಿಸುವವರು ನಿದ್ದೆಯ ಪರೀಕ್ಷೆ ಮಾಡಿಸಿ. ಮೂರು ಮಾತ್ರೆಗೂ ಬಗ್ಗದ ಬಿಪಿಗೆ ಇದು ಕಾರಣವಾಗಿರುವುದುಂಟು.

ಮಾತ್ರೆ: ಹೆಚ್ಚಿನ ಎಡವಟ್ಟು ಇಲ್ಲೇ

"ಈಗ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ" ಎಂಬುದು ಎಲ್ಲಕ್ಕಿಂತ ದೊಡ್ಡ ತಪ್ಪು. ನಾರ್ಮಲ್ ಬಂದದ್ದು ಮಾತ್ರೆಯಿಂದ. ಬಿಟ್ಟರೆ ಕೆಲವು ದಿನಗಳಲ್ಲಿ, ಕೆಲವರಿಗೆ ಕೆಲವು ವಾರಗಳಲ್ಲಿ ಮತ್ತೆ ಏರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್, ಕ್ಲೋನಿಡಿನ್ ಥರದವನ್ನು ಥಟ್ಟನೆ ನಿಲ್ಲಿಸಿದರೆ ಬಿಪಿಯೋ ನಾಡಿಯೋ ಮೊದಲಿಗಿಂತ ಜೋರಾಗಿ ಪುಟಿಯಬಹುದು. "ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ" ಎಂಬ ಭಯಕ್ಕೆ ಮಾತ್ರೆಯನ್ನು ಮುಂದೂಡುವವರು ಇನ್ನೊಂದು ಕಡೆ. ಜೀವನಪೂರ್ತಿ ಇರುವುದು ಬಿಪಿ. ತೂಕ, ಉಪ್ಪು ಚೆನ್ನಾಗಿ ಇಳಿದವರಲ್ಲಿ ಡಾಕ್ಟರೇ ಮಾತ್ರೆ ಕಡಿಮೆ ಮಾಡುವುದಿದೆ, ಅದಕ್ಕೂ ನೋಟ್‌ಬುಕ್ಕಿನ ಸರಾಸರಿಯೇ ಆಧಾರ.

ಮಾತ್ರೆಯನ್ನು ಬ್ರ್ಯಾಂಡ್ ಹೆಸರಿನಿಂದಲೋ "ಸಣ್ಣ ಬಿಳಿ ಮಾತ್ರೆ" ಎಂದೋ ಗುರುತಿಟ್ಟುಕೊಳ್ಳಬೇಡಿ. ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು, ಮಿಲಿಗ್ರಾಂ ಎರಡನ್ನೂ ಬರೆದಿಡಿ: ಆಮ್ಲೋಡಿಪಿನ್ 5, ಟೆಲ್ಮಿಸಾರ್ಟನ್ 40, ಕ್ಲೋರ್‌ಥ್ಯಾಲಿಡೋನ್ 12.5 ಹೀಗೆ. ಒಬ್ಬ ಡಾಕ್ಟರು ಟೆಲ್ಮಿಸಾರ್ಟನ್ ಬರೆದಿರುತ್ತಾರೆ, ಇನ್ನೊಬ್ಬರು ಬೇರೆ ಹೆಸರಿನಲ್ಲಿ ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಕೂಡಿದ ಮಾತ್ರೆ ಬರೆಯುತ್ತಾರೆ. ರೋಗಿ ಎರಡನ್ನೂ ನುಂಗಿ, ಡೋಸ್ ದುಪ್ಪಟ್ಟಾಗಿ ಬಚ್ಚಲಲ್ಲಿ ತಲೆ ತಿರುಗಿ ಬೀಳುತ್ತಾರೆ. ಔಷಧದ ಹೆಸರು ಗೊತ್ತಿದ್ದರೆ ಜನೌಷಧಿ ಕೇಂದ್ರದಲ್ಲಿ ಅದೇ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತದೆ.

ಡೋಸ್ ಮರೆತರೆ ಅದೇ ದಿನ ನೆನಪಾದಾಗ ನುಂಗಿ. ಮಾರನೇ ದಿನ ನೆನಪಾದರೆ ಅಂದಿನದು ಮಾತ್ರ, ಎರಡು ಒಟ್ಟಿಗೆ ಬೇಡ. ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆ ಹೋಗುವ ಬೆಳಿಗ್ಗೆ ಬಿಪಿ ಮಾತ್ರೆಯನ್ನೂ ಬಿಟ್ಟು ಹೋಗುವವರು ಬಹಳ. ತಡೆಹಿಡಿಯಬೇಕಾದದ್ದು ಶುಗರ್ ಮಾತ್ರೆ, ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದು. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸಕ್ಕೆ ಹೊತ್ತು ಹೇಗೆ ಹೊಂದಿಸುವುದೆಂದು ಮೊದಲೇ ಕೇಳಿಕೊಳ್ಳಿ. ಜೋರು ವಾಂತಿಭೇದಿ ಆದ ದಿನ ಮಾತ್ರ ಎಂದಿನಂತೆ ನುಂಗದೆ ಡಾಕ್ಟರಿಗೆ ಫೋನ್ ಮಾಡಿ. ಮೈಯಲ್ಲಿ ನೀರು ಬತ್ತಿದಾಗ ಟೆಲ್ಮಿಸಾರ್ಟನ್, ಮೂತ್ರ ಹೆಚ್ಚಿಸುವ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡಬಹುದು.

ತೊಂದರೆಗಳ ಪರಿಚಯವಿದ್ದರೆ ಹೆದರಿ ಮಾತ್ರೆ ಬಿಡುವುದು ತಪ್ಪುತ್ತದೆ. ಆಮ್ಲೋಡಿಪಿನ್‌ನಿಂದ ಪಾದ ಊದಬಹುದು. ಎನಲಾಪ್ರಿಲ್, ರಾಮಿಪ್ರಿಲ್‌ನಿಂದ ಒಣಕೆಮ್ಮು ಬರಬಹುದು, ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕುಡಿದರೂ ಹೋಗದ ಕೆಮ್ಮು ಮಾತ್ರೆ ಬದಲಿಸಿದರೆ ಹೋಗುತ್ತದೆ. ಮಗು ಬಯಸುವ ಹೆಂಗಸರಿಗೆ ಎನಲಾಪ್ರಿಲ್, ರಾಮಿಪ್ರಿಲ್ ಎರಡೂ, ಟೆಲ್ಮಿಸಾರ್ಟನ್ ಕೂಡ ಸಲ್ಲದು. ಬಸಿರಾಗುವ ಮೊದಲೇ ಡಾಕ್ಟರಿಗೆ ತಿಳಿಸಿ.

ಮಾತ್ರೆ ನುಂಗುತ್ತಿದ್ದರೂ ಬಿಪಿ ಇಳಿಯದಿದ್ದರೆ ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ತಂದದ್ದನ್ನು ಒಮ್ಮೆ ನೋಡಿ. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸಿ ಕಿಡ್ನಿಯನ್ನೂ ಕೆಡಿಸುತ್ತವೆ. ಮೂಗು ಕಟ್ಟಿದ್ದಕ್ಕೆ ನುಂಗುವ ಶೀತದ ಮಾತ್ರೆಗಳಲ್ಲಿ ಫಿನೈಲ್‌ಎಫ್ರಿನ್ ಇರುತ್ತದೆ, ಅದೂ ಬಿಪಿ ಏರಿಸುತ್ತದೆ. ಸ್ಟೀರಾಯ್ಡ್, ಗರ್ಭನಿರೋಧಕ ಮಾತ್ರೆ ಇದೇ ಸಾಲಿನವು. ಗಂಟಲಿಗೆ ಒಳ್ಳೆಯದೆಂದು ದಿನವೂ ಅಗಿಯುವ ಜ್ಯೇಷ್ಠಮಧು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಹಳೆಯ ಮನೆಮದ್ದೆಂಬ ಕಾರಣಕ್ಕೆ ಇದನ್ನು ಯಾರೂ ಡಾಕ್ಟರಿಗೆ ಹೇಳುವುದೇ ಇಲ್ಲ.

ಡಾಕ್ಟರ ಮುಂದೆ ಒಂದು ಪುಟ

ಇಪ್ಪತ್ತು ಪುಟ ಅಂಕಿ ನೋಡುವ ಸಮಯ ಅವರಿಗಿಲ್ಲ. ಒಂದು ಹಾಳೆಯಲ್ಲಿ ಏಳು ದಿನದ ಸರಾಸರಿ, ನುಂಗುವ ಎಲ್ಲ ಮಾತ್ರೆ (ನಾಟಿ, ಆಯುರ್ವೇದ ಸೇರಿ), ತಿಂಗಳಲ್ಲಿ ಎಷ್ಟು ಡೋಸ್ ತಪ್ಪಿತು ಎಂಬ ನಿಜವಾದ ಲೆಕ್ಕ ಬರೆಯಿರಿ. ಡೋಸ್ ತಪ್ಪಿದ್ದನ್ನು ಮುಚ್ಚಿಟ್ಟರೆ, ಔಷಧ ಸಾಲುತ್ತಿಲ್ಲ ಎಂದುಕೊಂಡು ಅವರು ಇನ್ನೊಂದು ಮಾತ್ರೆ ಸೇರಿಸುತ್ತಾರೆ. ಕೇಳಬೇಕಾದ ಪ್ರಶ್ನೆಗಳನ್ನೂ ಅಲ್ಲೇ ಬರೆದುಕೊಳ್ಳಿ: ನನ್ನ ಗುರಿ ಎಷ್ಟು? ಈ ಮಾತ್ರೆ ಬೆಳಿಗ್ಗೆಯೋ ರಾತ್ರಿಯೋ? ಎಷ್ಟಕ್ಕಿಂತ ಇಳಿದರೆ ಫೋನ್ ಮಾಡಬೇಕು?

ವಯಸ್ಸಾದವರು ಎದ್ದು ನಿಂತಾಗ ಕಣ್ಣು ಕತ್ತಲೆ ಬಂದರೆ ಕೂತು ಅಳೆದು, ಎದ್ದು ನಿಂತು ಒಂದು ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆಯಿರಿ. ಆಗ ಪಕ್ಕದಲ್ಲಿ ಯಾರಾದರೂ ಇರಲಿ. ಮೇಲಿನ ಅಂಕಿ 20 ಇಳಿದರೆ ಆ ಸಂಗತಿ ಹಾಳೆಯ ಮೇಲ್ತುದಿಗೆ ಬರಲಿ.

ವರ್ಷಕ್ಕೊಮ್ಮೆ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತಿಳಿಸುವ ರಕ್ತ ಪರೀಕ್ಷೆ), ಪೊಟ್ಯಾಸಿಯಂ, ಮೂತ್ರದ ಆಲ್ಬುಮಿನ್, ಶುಗರ್, ಕೊಬ್ಬಿನಂಶ, ಇಸಿಜಿ, ಕಣ್ಣಿನ ಹಿಂಪರದೆ ಪರೀಕ್ಷೆ ಮಾಡಿಸಿ. ಹುಟ್ಟುಹಬ್ಬದ ತಿಂಗಳಿಗೆ ಗಂಟು ಹಾಕಿಕೊಂಡರೆ ಮರೆಯುವುದಿಲ್ಲ. ಕ್ರಿಯಾಟಿನಿನ್ ಈ ವರ್ಷ ಎಷ್ಟು ಎನ್ನುವುದರ ಜೊತೆಗೆ ಹೋದ ವರ್ಷ ಎಷ್ಟಿತ್ತು ಎನ್ನುವುದೂ ಬೇಕು, ಹಳೇ ರಿಪೋರ್ಟು ಎಸೆಯಬೇಡಿ. ಥರ್ಮಲ್ ಕಾಗದದ ಇಸಿಜಿ ಮಾಸಿಹೋಗುತ್ತದೆ, ಕೈಗೆ ಬಂದ ದಿನವೇ ಫೋಟೊ ತೆಗೆದಿಡಿ. ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯಾದ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿಕೊಂಡರೆ ದಾಖಲೆಗಳನ್ನು ಫೋನಿನಲ್ಲೇ ಜೋಡಿಸಿಡಬಹುದು. 30ರೊಳಗೇ ಬಿಪಿ ಬಂದವರಲ್ಲಿ ಕಿಡ್ನಿ ಅಥವಾ ಗ್ರಂಥಿಯ ತೊಂದರೆ ಅಡಗಿರಬಹುದು, ಅದನ್ನು ಹುಡುಕಿಸಿದ ಮೇಲೆ ಮುಂದಿನ ಮಾತು.

180/120 ಕಂಡರೆ

ಮೊದಲು ಯಂತ್ರದಿಂದ ಕೈ ತೆಗೆದು, ಐದು ನಿಮಿಷ ಕೂತು ಮತ್ತೆ ಅಳೆಯಿರಿ. ಇನ್ನೂ ಅಷ್ಟೇ ಇದ್ದು ಬೇರೆ ಯಾವ ತೊಂದರೆಯೂ ಇಲ್ಲದಿದ್ದರೆ ಅಂದೇ ಡಾಕ್ಟರನ್ನು ಸಂಪರ್ಕಿಸಿ. ಬೆಳಗಿನ ಮಾತ್ರೆ ಮರೆತಿದ್ದರೆ ಅದನ್ನು ನುಂಗಿ. ಮನೆಯಲ್ಲಿದ್ದ ಬೇರೆಯವರ ಮಾತ್ರೆ, ಹೆಚ್ಚುವರಿ ಡೋಸ್, ನಾಲಿಗೆ ಕೆಳಗೆ ಇಟ್ಟುಕೊಳ್ಳುವ ನಿಫೆಡಿಪಿನ್ ಬೇಡ. ಬಿಪಿ ಥಟ್ಟನೆ ಕುಸಿದರೆ ಮಿದುಳಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ.

ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು, ದಿಢೀರ್ ದೃಷ್ಟಿ ಮಂಜು, ಹಿಂದೆಂದೂ ಇಲ್ಲದ ತಲೆನೋವು ಇವುಗಳಲ್ಲಿ ಒಂದಿದ್ದರೂ ಅಂಕಿ ಎಷ್ಟಿದೆ ಎಂದು ಇನ್ನೊಮ್ಮೆ ನೋಡುತ್ತಾ ಕೂರದೆ 108ಕ್ಕೆ ಕರೆ ಮಾಡಿ. ಎದೆನೋವಿಗೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡುವ ವ್ಯವಸ್ಥೆ ಇದೆ. ಪಾರ್ಶ್ವವಾಯುವಿಗೆ ಗಡ್ಡೆ ಕರಗಿಸುವ ಇಂಜೆಕ್ಷನ್ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಹೀಗಾಗಿ ಸ್ಕ್ಯಾನ್ ಇರುವ ಹತ್ತಿರದ ಆಸ್ಪತ್ರೆ ಯಾವುದೆಂದು ಇವತ್ತೇ ವಿಚಾರಿಸಿ, ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದಿಡಿ. ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ, ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ರೋಗಿ ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ನೋಡಿದವರನ್ನು ಕೇಳಿ ಬರೆದುಕೊಳ್ಳಿ, ನೋಟ್‌ಬುಕ್ಕನ್ನೂ ಮಾತ್ರೆಯ ಡಬ್ಬಿಯನ್ನೂ ಆಂಬುಲೆನ್ಸಿನಲ್ಲಿ ಜೊತೆಗೆ ಒಯ್ಯಿರಿ.